ಎಲ್ಲಿ ಕಂಡಿತು, ಎಲ್ಲಿ ಕತ್ತಲಾಯ್ತು

ನಾನು ಎಸ್ಸೆಸ್ಸೆಲ್ಸಿ ಓದಿದ್ದು ಪೀಣ್ಯದ ಒಂದು ಹೈಸ್ಕೂಲಿನಲ್ಲಿ, ಎಂಬತ್ತರ ದಶಕದ ಮೊದಮೊದಲ ವರ್ಷಗಳಲ್ಲಿ. ನಮ್ಮ ತಂದೆ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್, ನಾವಿದ್ದದ್ದು ಕ್ವಾರ್ಟರ್ಸಿನಲ್ಲಿ. ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಅಲ್ಲಿಯ ಹಳ್ಳಿಯವಳೇ. ಅವರ ಹೊಲವೆಲ್ಲ ಕಾರ್ಖಾನೆ ಶೆಡ್ಡುಗಳಿಗೆ ಹೋಗಿ, ಉಳಿದ ತುಂಡು ಜಾಗದಲ್ಲಿ ಅವರಪ್ಪ ಹಸು ಕಟ್ಟಿಕೊಂಡು ಹಾಲು ಮಾರುತ್ತಿದ್ದರು.

ನಮ್ಮ ಕನ್ನಡ ಮೇಷ್ಟ್ರದ್ದು ಒಂದು ಪದ್ಧತಿ. ನಾವು ಬರೆದ ಪ್ರಬಂಧವನ್ನು ಅವರಿಗಿಂತ ಮೊದಲು ಪಕ್ಕದವರು ಓದಬೇಕು. "ಚೆನ್ನಾಗಿದೆ ಅನ್ನಬೇಡಿ, ಚೆನ್ನಾಗಿಲ್ಲ ಅಂತಾನೂ ಅನ್ನಬೇಡಿ. ಎಲ್ಲಿ ಕಣ್ಣಿಗೆ ಕಂಡಿತು, ಎಲ್ಲಿ ಕತ್ತಲಾಯ್ತು, ಅಷ್ಟು ಹೇಳಿ ಸಾಕು. ಬರೆದವರು ವಾದ ಮಾಡೋ ಹಾಗಿಲ್ಲ."

ನಾನು ಮೊದಲು ಬರೆದದ್ದು 'ಮುಂಜಾನೆ'. ಕೋಗಿಲೆಯ ಗಾನ, ಮುತ್ತಿನಂಥ ಇಬ್ಬನಿ, ಎಲ್ಲವನ್ನೂ ತುಂಬಿದ್ದೆ. ಅವಳು ಎರಡು ಸಲ ಓದಿ ಕೇಳಿದಳು: "ನಿಮ್ ಕ್ವಾರ್ಟರ್ಸ್‌ನಾಗೆ ಕೋಗಿಲೆ ಎಲ್ಲೈತೆ? ಬೆಳಗ್ಗೆದ್ರೆ ಸೈರನ್ ಅಲ್ವೇನೇ ಕೂಗೋದು?" ನನಗೆ ಮೈಯೆಲ್ಲ ಉರಿಯಿತು. ಮನೆಗೆ ಹೋಗಿ ಸೈರನ್ನಿಗೆ ಏಳುವ ಅಪ್ಪನನ್ನೂ ಟಿಫನ್ ಕ್ಯಾರಿಯರ್ ಹಿಡಿದು ಗೇಟಿನ ತನಕ ಓಡುವ ಅಮ್ಮನನ್ನೂ ಬರೆದೆ. ನಾನು ಬರೆದದ್ದರಲ್ಲಿ ನಮ್ಮ ಮನೆ ಕಂಡದ್ದು ಅದೇ ಮೊದಲು.

ದಸರಾ ರಜೆ ಮುಗಿದ ಮೇಲೆ ಮೇಷ್ಟ್ರು 'ನಾನು ಮರೆಯಲಾರದ ವ್ಯಕ್ತಿ' ಎಂಬ ವಿಷಯ ಕೊಟ್ಟರು. ಅವಳು ತನ್ನ ಅಕ್ಕನ ಬಗ್ಗೆ ಬರೆದಳು. ಅಕ್ಕನನ್ನು ಮಾಗಡಿ ರಸ್ತೆ ಕಡೆಯ ಒಬ್ಬ ಲೇತ್ ಟರ್ನರನಿಗೆ ಕೊಟ್ಟಿದ್ದರು; ಆ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡಿದ್ದಳು. ಅಕ್ಕ ಜಡೆ ಹಾಕುತ್ತಿದ್ದ ರೀತಿ, ಹಸುವಿನ ಜೊತೆ ಮಾತಾಡುತ್ತಿದ್ದದ್ದು, ಎಲ್ಲ ಎದುರಿಗೇ ನಡೆದಂತಿತ್ತು. ಕೊನೆಯಲ್ಲಿ ಮಾತ್ರ ಒಂದೇ ಸಾಲು: 'ಸ್ಟೌ ಸಿಡಿದು ನಮ್ಮಕ್ಕ ದೈವಾಧೀನಳಾದಳು.'

"ಇಲ್ಲಿ ಕತ್ತಲು," ಅಂದೆ. "ಸ್ಟೌ ಹೇಗೆ ಸಿಡೀತು? ಆಗ ಮನೇಲಿ ಯಾರಿದ್ರು?"

"ನಂಗೇನ್ ಗೊತ್ತು? ಅವ್ರು ಏಳಿದ್ದು ಅಂಗೆ."

"ಆ ಸ್ಟೌ ಏನಾಯ್ತು?"

ಅವಳು ನನ್ನ ಕೈಯಿಂದ ಹಾಳೆ ಕಿತ್ತುಕೊಂಡಳು. ಸಂಜೆ ಬೆಲ್ ಹೊಡೆಯುವವರೆಗೂ ನನ್ನ ಕಡೆ ತಿರುಗಲಿಲ್ಲ.

ಮಾರನೆಯ ದಿನ ಬೇರೆ ಹಾಳೆ ತಂದು ನನ್ನ ಮುಂದೆ ಇಟ್ಟಳು. ಕೊನೆಯ ಭಾಗ ಹೀಗಿತ್ತು: 'ಸ್ಟೌ ಸಿಡಿಯಿತು ಎಂದು ಭಾವನ ಮನೆಯವರು ಹೇಳಿದರು. ತಿಥಿ ಆದ ಮೇಲೆ ಮದುವೆಗೆ ನಾವು ಕೊಟ್ಟ ಪಾತ್ರೆಗಳನ್ನು ಚೀಲದಲ್ಲಿ ಹಾಕಿ ವಾಪಸ್ಸು ಕಳಿಸಿದರು. ಅದರಲ್ಲಿ ಸ್ಟೌ ಇತ್ತು. ಒಂದು ನೆಗ್ಗೂ ಇಲ್ಲ. ಇವತ್ತು ಬೆಳಿಗ್ಗೆ ನಮ್ಮಮ್ಮ ಅದರಲ್ಲೇ ಕಾಫಿ ಕಾಯಿಸಿದಳು.'

"ಈಗ ಕಾಣ್ತದಾ?" ಅಂದಳು.

ಕಾಣುತ್ತಿತ್ತು. ತಲೆಯಾಡಿಸಿದೆ.

ಮೇಷ್ಟ್ರು ಅದಕ್ಕೆ ಅಂಕ ಹಾಕಲಿಲ್ಲ. ನಮ್ಮಿಬ್ಬರನ್ನೂ ಸ್ಟಾಫ್ ರೂಮಿಗೆ ಕರೆದು, "ಇದನ್ನ ಮನೇಲಿ ಓದಿ ಹೇಳಿದೀಯೇನಮ್ಮ?" ಎಂದು ಕೇಳಿದರು. ಅವಳು ಇಲ್ಲವೆಂದಳು. ಆಮೇಲೆ ನೆಲ ನೋಡುತ್ತಾ, "ಪರೀಕ್ಷೆ ಮುಗಿದ್ಮೇಲೆ ಭಾವಂಗೆ ನನ್ನೇ ಕೊಡ್ತಾರಂತೆ ಸಾರ್. ಮಾತಾಗೈತೆ," ಅಂದಳು.

ಅಷ್ಟು ದಿನ ಪಕ್ಕದಲ್ಲೇ ಕೂತಿದ್ದ ನನಗೂ ಅದು ಹೊಸ ಸುದ್ದಿ. ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು, "ನಡೀರಿ," ಅಂದರು.

ಅವಳ ಮನೆಯಲ್ಲಿ ಅವರಮ್ಮ ಹಜಾರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಅವರಪ್ಪ ಮೇಷ್ಟ್ರಿಗೆ ಚಾಪೆ ಹಾಸಿದರು. ಅವಳು ನಿಂತುಕೊಂಡೇ ಓದಿದಳು, ತರಗತಿಯಲ್ಲಿ ಓದುವ ಹಾಗೆ, ದನಿ ಏರಿಸದೆ. ಚೀಲದ ಸಾಲು ಬಂದಾಗ ಅವರಮ್ಮನ ಕೈ ನಿಂತಿತು. ಓದು ಮುಗಿದ ಮೇಲೆ ಅವರು ಒಳಗೆ ಹೋಗಿ ಸ್ಟೌ ತಂದರು. ಅಂಗಳದಲ್ಲಿ ಅದರ ಸೀಮೆಎಣ್ಣೆಯನ್ನೆಲ್ಲ ನೆಲಕ್ಕೆ ಸುರಿದು, ಅಲ್ಲೇ ಕುಸಿದು ಕೂತು ಕೂಗಿಕೊಂಡರು. ಅಕ್ಕಪಕ್ಕದವರು ಬಾಗಿಲಿಗೆ ಬಂದರು.

"ಇಸ್ಕೂಲ್ನಾಗೆ ಇದ್ನಾ ಕಲ್ಸೋದು ನೀವು?" ಎಂದು ಅವರಪ್ಪ ಮೇಷ್ಟ್ರ ಮೇಲೆ ಹರಿಹಾಯ್ದರು.

"ಅವ್ರನ್ಯಾಕೆ ಬೈತೀಯ?" ಅಂದರು ಅವರಮ್ಮ. "ಇದ್ರಾಗೇ ಬೇಯಿಸ್ಕೊಂಡು ತಿಂದೆವಲ್ಲ, ಇಷ್ಟು ದಿನ."

ಆ ಮದುವೆ ನಿಂತಿತು. ಮೇಷ್ಟ್ರು ಅವರಪ್ಪನನ್ನು ಪೊಲೀಸ್ ಠಾಣೆಗೂ ಕರೆದುಕೊಂಡು ಹೋದರು. ಆಕಸ್ಮಿಕ ಅಂತ ಬರೆದು ಮುಗಿಸಿದ ಕೇಸು, ನೀವೇ ಅವತ್ತು ಹೆಬ್ಬೆಟ್ಟು ಒತ್ತಿದ್ದೀರಿ, ಎಂದು ಪೊಲೀಸರು ಹೇಳಿ ಕಳಿಸಿದರಂತೆ. ಊರಿನಲ್ಲಿ ಜನ ಹುಡುಗಿಯ ಬಾಯಿ ಜೋರು ಎಂದು ಆಡಿಕೊಂಡರು. ಪರೀಕ್ಷೆ ಬರೆದ ಮೇಲೆ ಅವರಪ್ಪ ಅವಳ ಓದು ಬಿಡಿಸಿದರು. ಅವಳು ಪೀಣ್ಯದಲ್ಲೇ ಮೋಟಾರುಗಳಿಗೆ ತಾಮ್ರದ ತಂತಿಯ ಕಾಯಿಲ್ ಸುತ್ತುವ ಕೆಲಸಕ್ಕೆ ಸೇರಿದಳು. ನಾನು ಪಿಯುಸಿಗೆ ಹೋದೆ.

ಒಂದು ಭಾನುವಾರ ಅವಳು ನಮ್ಮ ಮನೆಗೆ ಬಂದಳು. ಭಾವನಿಗೆ ನೆಲಮಂಗಲದ ಕಡೆ ಹೆಣ್ಣು ಗೊತ್ತಾಗಿದೆ, ಆ ಹೆಣ್ಣಿನ ಮನೆಯವರಿಗೆ ಹೋಗಿ ಹೇಳಿ ಬರಬೇಕು, ಜೊತೆಗೆ ಬಾ ಅಂದಳು. ಬಸ್ಸಿನಲ್ಲಿ ಕೂತು ಏನು ಹೇಳಬೇಕೆಂದು ನನ್ನ ಮುಂದೆ ಹೇಳಿ ನೋಡಿದಳು. "ಇಂಗ್ ಏಳಿದ್ರೆ ಕಾಣ್ತದಾ? ಕತ್ಲು ಇಲ್ಲ ತಾನೆ?"

"ಕೊಲೆ ಅಂತ ಮೊದಲೇ ಅನ್ನಬೇಡ. ಚೀಲ ಬಂದದ್ದನ್ನ ಹೇಳು, ಸ್ಟೌ ಹೇಗಿತ್ತು ಹೇಳು," ಅಂದೆ. ಅವಳು ಇನ್ನೊಂದು ಸಲ ಹೇಳಿದಳು. ಎಲ್ಲೂ ಕತ್ತಲಿರಲಿಲ್ಲ.

ಆ ಮನೆಯಂಗಳದಲ್ಲಿ ಚಪ್ಪರದ ಗಳುಗಳು ಬಂದಿಳಿದಿದ್ದವು. ಮದುವೆ ಹುಡುಗಿ ಕಿಟಕಿಯ ಹತ್ತಿರ ನಿಂತಿದ್ದಳು, ನಮ್ಮದೇ ವಯಸ್ಸು. ಅವಳ ತಾಯಿ ನಮ್ಮನ್ನು ಒಳಗೆ ಕರೆಯಲಿಲ್ಲ. ಆದರೆ ಪೂರ್ತಿ ಕೇಳಿಸಿಕೊಂಡರು. ಗದರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ಅವ್ರ ಮನೆಗೆ ಈಗ ಗ್ಯಾಸ್ ಬಂದೈತೆ ಕಣವ್ವ. ಸ್ಟೌ ಇಲ್ಲ."

ಕಿಟಕಿ ಮುಚ್ಚಿಕೊಂಡಿತು. ನಾವು ರಸ್ತೆಗೆ ಬಂದು ಬಸ್ಸಿಗೆ ಕಾದೆವು. ಕಾಯಿಲ್ ತಂತಿಯಿಂದ ಅವಳ ಬೆರಳುಗಳ ಮೇಲೆ ಸಣ್ಣ ಸಣ್ಣ ಗಾಯಗಳಾಗಿದ್ದವು. ಸೋಮವಾರ ಅವಳಿಗೆ ಮೊದಲನೇ ಶಿಫ್ಟ್ ಇತ್ತು.