ಸೂರ್ಯನನ್ನು ಮುಳುಗಿಸುವ ಪೆಂಚೋ
ಕಪ್ಪು ಸಮುದ್ರದ ಈ ದಡದಲ್ಲಿ ಸೂರ್ಯ ಕಡಲಿನಿಂದ ಏಳುತ್ತಾನೆ, ಗುಡ್ಡದ ಹಿಂದೆ ಮುಳುಗುತ್ತಾನೆ. ಮುದುಕ ಪೆಂಚೋ ಮಾತ್ರ ದಿನಾ ಬೆಳಗಿನ ಕಡಲನ್ನು ಬಿಡಿಸಿ, ಕೆಳಗೆ 'ಸಂಜೆ' ಎಂದು ಬರೆದು ಪ್ರವಾಸಿಗರಿಗೆ ಮಾರುತ್ತಾನೆ. ಕುಂಚವನ್ನು ಒರೆಸಿ ಒರೆಸಿ ಅವನ ಗಡ್ಡವೂ ಕೆಂಪಾಗಿದೆ. "ಸೂರ್ಯನ್ನ ಎಷ್ಟು ಸಲ ನೀರಿಗೆ ತಳ್ತೀಯ ತಾತ?" ಎಂದು ಮೀನು ಮಾರುವ ದಾಫಿನಾ ಹಂಗಿಸುತ್ತಿದ್ದಳು. "ಏಳೋ ಸೂರ್ಯನ್ನ ಯಾರೂ ಕೊಳ್ಳಲ್ಲ ಕಣಮ್ಮ" ಎನ್ನುತ್ತಿದ್ದ. ಒಂದು ಬೆಳಗ್ಗೆ ಅವಳ ಗಂಡ ರಾದ್ಕೊ ದೋಣಿ ಹತ್ತಿ ಹೋದವನು ಸಂಜೆಯಾದರೂ ಬರಲಿಲ್ಲ, ಆಮೇಲೆ ಹೆಣವೂ ಸಿಗಲಿಲ್ಲ. ನಲವತ್ತನೆಯ ದಿನ, ಸತ್ತವನ ಹೆಸರಲ್ಲಿ ಬೇಯಿಸಿದ ಗೋಧಿ ಹಂಚುತ್ತ ಬಂದ ದಾಫಿನಾ ಪೆಂಚೋನ ಹೊಸ ಚಿತ್ರದ ಮುಂದೆ ನಿಂತಳು. ಅದರಲ್ಲಿ ರಾದ್ಕೊನ ಹಳದಿ ಪಟ್ಟಿಯ ದೋಣಿಯಿತ್ತು. ಕೆಳಗೆ ಇನ್ನೂ ಏನೂ ಬರೆದಿರಲಿಲ್ಲ. "ಇದು ಹೊರಟಿರೋದಾ, ಬರ್ತಿರೋದಾ?" ಎಂದು ಕೇಳಿದಳು. "ಮೂತಿ ದಡದ ಕಡೆ ಇದೆ, ನೋಡು" ಎಂದ. ಅವಳು ಬಹಳ ಹೊತ್ತು ನೋಡಿದಳು. "ಸಂಜೆ ಅಂತಲೇ ಬರಿ ತಾತ" ಎಂದಳು.