ಇಂಜಿನ್ ಇಲ್ಲದ ಬಸ್ಸೇ ಬೇಕೆಂದೆ

ಬಸ್ಸಿನೊಳಗೆ ಸಂಸಾರ ಹೂಡಿದವಳು ಎಂದು ನನ್ನನ್ನು ಈಗಲೂ ಬೆರಳು ಮಾಡಿ ತೋರಿಸುವವರಿದ್ದಾರೆ. ತೋರಿಸಲಿ. ನಾನು ಸಂಸಾರ ಹೂಡಿದ್ದು ನನ್ನ ಗಂಡನ ಜೊತೆ, ಊರಿನವರ ಜೊತೆಯಲ್ಲ. ಗತಿಯಿಲ್ಲದೆ ಅದರೊಳಗೆ ಹೋಗಿ ಕೂತಳು ಎಂಬ ಮಾತೂ ಕಿವಿಗೆ ಬಿದ್ದಿದೆ. ಅದು ಶುದ್ಧ ಸುಳ್ಳು. ಇದ್ದ ಮೂರು ಗಾಡಿಗಳಲ್ಲಿ ಇದೇ ಬೇಕು ಎಂದು ಆರಿಸಿದವಳು ನಾನು. ಹೇಗೆ ಆರಿಸಿದೆ ಎಂಬುದನ್ನು ಬರೆದಿಡುತ್ತೇನೆ.

ಯುದ್ಧ ನಡೆಯುತ್ತಿದ್ದ ಕಾಲ. ನನ್ನ ಗಂಡ ಆಯಿಲ್ ಇಂಜಿನ್ ಮೇಸ್ತ್ರಿ. ಅದಕ್ಕೆ ಮುಂಚೆ ಆಲೆಮನೆಗಳಲ್ಲಿ ಕಬ್ಬಿನ ಗಾಣವನ್ನು ಎತ್ತುಗಳೇ ತಿರುಗಿಸುತ್ತಿದ್ದವು. ಆಗಷ್ಟೇ ಕೆಲವು ಅನುಕೂಲಸ್ಥರು ಇಂಜಿನ್ ತಂದು ಕೂರಿಸಿಕೊಳ್ಳತೊಡಗಿದ್ದರು. ಕೂರಿಸಿದ್ದೇನೋ ಆಯಿತು, ಕೆಟ್ಟು ನಿಂತರೆ ಮುಟ್ಟಿ ನೋಡುವವರಿರಲಿಲ್ಲ. ಹಾಗಾಗಿ ಬೆಲ್ಲ ಕಾಯಿಸುವ ಕಾಲ ಬಂತೆಂದರೆ ಇವರು ಕೆರಗೋಡು, ಕೊತ್ತತ್ತಿ, ಆಮೇಲೆ ಮಳವಳ್ಳಿ ದಾಟಿ ಬೆಳಕವಾಡಿಯವರೆಗೆ ಒಂದು ಆಲೆಮನೆಯಿಂದ ಇನ್ನೊಂದಕ್ಕೆ ಅಲೆಯುತ್ತ, ಸಿಕ್ಕಿದ್ದು ತಿಂದು, ಕಬ್ಬಿನ ಸಿಪ್ಪೆಯ ಮೇಲೆ ಮಲಗಿ, ಮಳೆ ಹಿಡಿಯುವ ಹೊತ್ತಿಗೆ ಮಂಡ್ಯಕ್ಕೆ ವಾಪಸಾಗುತ್ತಿದ್ದರು.

ಅಷ್ಟು ದಿನವೂ ನಾನು ಮಂಡ್ಯದ ಪೇಟೆಯಲ್ಲಿ ಭಾವನ ಮನೆಯಲ್ಲಿ ಇರಬೇಕು. ಭಾವ ಎಂದರೆ ಇವರ ಅಣ್ಣ. ತಗಡಿನ ಟ್ರಂಕು ಮಾಡಿ ಮಾರುವ ಅಂಗಡಿ ಅವರದು. ಊಟಕ್ಕೆ ಬಟ್ಟೆಗೆ ಅವರು ಕೊರತೆ ಮಾಡಲಿಲ್ಲ, ಸುಳ್ಳು ಹೇಳಬಾರದು. ಆದರೆ ಆ ಮನೆಯಲ್ಲಿ ನನ್ನದು ಎನ್ನಲು ಒಂದು ಮೂಲೆಯೂ ಇರಲಿಲ್ಲ. ಮದುವೆಯಾಗಿ ಎರಡು ವರ್ಷವಾಗಿತ್ತು, ಗಂಡನ ಜೊತೆ ಬಾಳಿದ್ದು ಎರಡು ಮಳೆಗಾಲ. ಮೂರನೆಯ ವರ್ಷವೂ ಹೀಗೇ ಕಳೆದರೆ ನಾನು ಹೆಂಡತಿಯಲ್ಲ, ಇವರು ಅಣ್ಣನ ಮನೆಯಲ್ಲಿ ಇಟ್ಟು ಹೋದ ಸಾಮಾನು ಎಂದು ಹೊಟ್ಟೆ ಉರಿಯಿತು. ಈ ಸಲ ನಾನೂ ಬರುತ್ತೇನೆ ಎಂದೆ.

ಮನೆಯಲ್ಲಿ ನಮ್ಮ ಮಾತು ಉರ್ದು. ಆದರೆ ಸಿಟ್ಟು ಬಂದಾಗ ಇಬ್ಬರ ಬಾಯಿಗೂ ಮೊದಲು ಬರುತ್ತಿದ್ದದ್ದು ಮಂಡ್ಯದ ಕನ್ನಡ. ಜಗಳಕ್ಕೆ ಅದರಷ್ಟು ಅನುಕೂಲದ ಭಾಷೆ ಇನ್ನೊಂದಿಲ್ಲ.

“ಬಂದು ಎಲ್ಲೇ ಮನಿಕತೀಯ? ಕಬ್ಬಿನ ಸಿಪ್ಪೆ ಮ್ಯಾಲಾ?” ಎಂದರು ಇವರು.

“ತಲೆ ಮ್ಯಾಲೆ ಒಂದ್ ಸೂರು, ಒಳಗಿಂದ ಆಕ್ಕಳಾಕೆ ಒಂದ್ ಚಿಲಕ. ಅಷ್ಟು ಮಾಡ್ಕೊಡಿ. ಸಿಪ್ಪೆ ಮ್ಯಾಲೆ ನೀವೂ ಮನಿಕಬ್ಯಾಡಿ.”

ಮೂರನೆಯ ದಿನ ಇವರು ಒಂದು ಸುದ್ದಿ ತಂದರು. ಮದ್ದೂರಿನಲ್ಲಿ ಒಬ್ಬ ಬಸ್ ಮಾಲೀಕರ ಶೆಡ್ಡಿನಲ್ಲಿ ಯುದ್ಧದಿಂದಾಗಿ ಪೆಟ್ರೋಲೂ ಬಿಡಿಭಾಗವೂ ಸಿಗದೆ ಹಳೆಯ ಗಾಡಿಗಳು ಸುಮ್ಮನೆ ನಿಂತಿವೆ. ಅವರ ಅಕ್ಕಿ ಗಿರಣಿಯ ಇಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿಕೊಟ್ಟರೆ ಯಾವುದಾದರೂ ಒಂದನ್ನು ತೆಗೆದುಕೊಂಡು ಹೋಗು ಎಂದಿದ್ದಾರೆ. ನಾನು ನೋಡದೆ ಯಾವುದನ್ನೂ ಒಪ್ಪಿಕೊಳ್ಳಬೇಡಿ ಎಂದು ಹೇಳಿ, ಬುರ್ಖಾ ಹಾಕಿಕೊಂಡು ನಾನೂ ಹೊರಟೆ. ಬುಟ್ಟಿಯಲ್ಲಿ ಒಂದು ಇದ್ದಲ ಒಲೆ, ಒಂದು ಪಾತ್ರೆ, ಒಂದಿಷ್ಟು ಹಾಲು. ಕಂಕುಳಲ್ಲಿ ಎರಡು ಚಾಪೆ. ಬಳೆಯನ್ನೇ ಕೈಗೆ ತೊಡಿಸಿ ನೋಡಿ ಕೊಳ್ಳುತ್ತೇವೆ, ತಿಂಗಳುಗಟ್ಟಲೆ ಇರುವ ಮನೆಯನ್ನು ಇದ್ದು ನೋಡಬೇಡವೇ?

ಶೆಡ್ಡು ಕಾಯುತ್ತಿದ್ದ ಮುದುಕರು ನನ್ನ ಬುಟ್ಟಿ ನೋಡಿ ನಕ್ಕರು. “ಏನ್ ಕಣಮ್ಮ, ಗಾಡಿ ನೋಡಕ್ ಬಂದ್ಯಾ, ಇಲ್ಲ ಅಟ್ಟುಣ್ಣಕ್ ಬಂದ್ಯಾ?”

“ಎಲ್ಡಕ್ಕೂವೆ, ತಾತ” ಎಂದೆ.

ಮೊದಲನೆಯದು ಸಾಮಾನು ಸಾಗಿಸುವ ಪುಟ್ಟ ವ್ಯಾನು. ಹತ್ತಿ ನೆಟ್ಟಗೆ ನಿಂತರೆ ತಲೆ ತಗಡಿಗೆ ಬಡಿಯಿತು. ಬಗ್ಗಿಕೊಂಡು ಬಾಳುವುದಾದರೆ ಭಾವನ ಮನೆಯೇ ಇತ್ತಲ್ಲ! ಇಳಿದುಬಿಟ್ಟೆ.

ಎರಡನೆಯದು ಪೆಟ್ರೋಲಿನ ಬದಲು ಇದ್ದಲಿನ ಗ್ಯಾಸಿನಲ್ಲಿ ಓಡುವ, ಸೀಟು ಕಿತ್ತ ಮೋಟು ಬಸ್ಸು. ಕೆಂಪು ಬಣ್ಣ ಫಳಫಳ ಎನ್ನುತ್ತಿತ್ತು. ಇವರು ಕಂಡ ಕೂಡಲೇ ಬಾನೆಟ್ ಎತ್ತಿ ತಲೆ ಒಳಗೆ ಹಾಕಿದರು. ಮೇಸ್ತ್ರಿಗಳ ಹಣೆಬರಹವೇ ಅದು, ಬಾನೆಟ್ ಎತ್ತಿದರೆಂದರೆ ಬಸ್ಸಿಗೆ ಹಿಂಭಾಗವೊಂದಿದೆ ಎಂಬುದು ನೆನಪಿರುವುದಿಲ್ಲ. ಹಿಂಭಾಗಕ್ಕೆ ಹೋದವಳು ನಾನು. ಅಲ್ಲಿ ಆಳೆತ್ತರದ ಗ್ಯಾಸಿನ ಡ್ರಮ್ಮು ಅರ್ಧ ಒಳಗೆ, ಅರ್ಧ ಹೊರಗೆ ಕೂತಿತ್ತು. ಅದರ ಪಕ್ಕ ಇದ್ದಲಿನ ಚೀಲಗಳಿಗೆ ಕಟ್ಟಿದ ಕಟಕಟೆ. ಇವರ ಹತ್ಯಾರದ ಪೆಟ್ಟಿಗೆ ಬೇರೆ ಬರಬೇಕು. ಮಿಕ್ಕ ಜಾಗದಲ್ಲಿ ಚಾಪೆ ಹಾಸಿದೆ. ಒಂದು ಚಾಪೆ ಹಿಡಿಯಿತು. ಎರಡನೆಯದನ್ನು ಎಲ್ಲಿ ಹೇಗೆ ತಿರುಗಿಸಿದರೂ ಹಿಡಿಯಲಿಲ್ಲ.

ಅಷ್ಟರಲ್ಲಿ ಇಂಜಿನ್ ಶುರುವಾಗಿ ಬಸ್ಸು ಗಡಗಡ ನಡುಗಿತು. ಇವರ ಮುಖ ನೋಡಬೇಕಿತ್ತು, ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ. “ಇದೇ ಕಣೇ! ಇನ್ನೂ ಅತ್ತೊರ್ಸ ಓಡ್ತದೆ!” ಎಂದು ಕೂಗಿದರು.

“ಇದ್ರೊಳ್ಗೆ ನಾನೆಲ್ಲಿ?” ಎಂದೆ.

ಇವರು ಹಾಸಿದ್ದ ಚಾಪೆ ನೋಡಿದರು, ಡ್ರಮ್ಮು ನೋಡಿದರು. ಆಮೇಲೆ ನೆಲ ನೋಡಿಕೊಂಡು, “ಆಗಾಗ ಬಂದ್ ಓಗು ಬುಡು” ಎಂದರು.

ನನಗೆ ಅಳು ಬರಲಿಲ್ಲ. ರೇಗಿತು. ಒಲೆ, ಪಾತ್ರೆ, ಚಾಪೆ ಎಲ್ಲ ಎತ್ತಿಕೊಂಡು ಮೂಲೆಯಲ್ಲಿ ನಿಂತಿದ್ದ ಮೂರನೆಯ ಬಸ್ಸಿಗೆ ಹೋಗಿ ಹತ್ತಿದೆ. ಅದರ ಇಂಜಿನ್ನನ್ನೇ ಕಿತ್ತು ಮಾಲೀಕರು ಅಕ್ಕಿ ಗಿರಣಿಗೆ ಕೂರಿಸಿಕೊಂಡಿದ್ದರು. ಬಣ್ಣ ಹೋಗಿತ್ತು. ಡ್ರೈವರ್ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ಆದರೆ ನಾನು ನೆಟ್ಟಗೆ ನಿಂತರೂ ತಲೆಗೂ ಛಾವಣಿಗೂ ನಡುವೆ ಒಂದು ಗೇಣು ಉಳಿಯಿತು. ಹಿಂದಿನ ಸೀಟುಗಳನ್ನು ಕಿತ್ತಿದ್ದ ಜಾಗದಲ್ಲಿ ಎರಡು ಚಾಪೆ ಪಕ್ಕಪಕ್ಕ ಹಾಸಿ ಮಲಗಿ ನೋಡಿದೆ, ಕಾಲ ಬಳಿ ಟ್ರಂಕಿಗೂ ಜಾಗ ಉಳಿಯಿತು. ಕಿಟಕಿಗಳಿಗೆ ಇಳಿಬಿಡುವ ಕ್ಯಾನ್ವಾಸ್ ಪರದೆ ಹರಿದಿರಲಿಲ್ಲ. ಖಾಲಿ ಬಾನೆಟ್ಟಿನೊಳಗೆ ಒಂದು ಹೊರೆ ಸೌದೆ ತುಂಬಬಹುದಿತ್ತು. ತಾತನನ್ನು ಕಾಡಿ ಬೇಡಿ ಛಾವಣಿ ಹತ್ತಿಸಿ ನಾಲ್ಕು ಬಿಂದಿಗೆ ನೀರು ಸುರಿಸಿದೆ. ಒಂದೇ ಕಡೆ ತೊಟ್ಟಿಕ್ಕಿತು. ಕೊನೆಗೆ ಬಾಗಿಲು ಎಳೆದು, ಒಳಗಿನಿಂದ ಚಿಲಕ ಹಾಕಿ, ಒಲೆ ಹೊತ್ತಿಸಿ ಹಾಲಿಟ್ಟೆ. ಹೊಗೆ ಕಿಟಕಿಯಲ್ಲಿ ಹೋಯಿತು. ಹಾಲು ಸುತ್ತಲೂ ಸಮವಾಗಿ ಉಕ್ಕಿತು. ನೆಲ ವಾಲಿಲ್ಲ ಎಂದು ಗೊತ್ತಾಯಿತು.

ಇವರು ಹೊರಗಿನಿಂದ ಬಾಗಿಲು ಬಡಿದರು. “ಇಳಿಯೇ. ಇಂಜಿನ್ನೇ ಇಲ್ದಿದ್ ಬಸ್ ತಕಂಡು ನಾನೇನ್ ತಳ್ಕಂಡ್ ಓಗ್ಲಾ?”

“ಎತ್ತು ಕಟ್ಟಿ.”

“ಇಂಜಿನ್ ಮೇಸ್ತ್ರಿ ಎತ್ತು ಕಟ್ಕಂಡು ಓದ್ರೆ ಜನ ಎಲ್ಲಿಂದ ನಗ್ತಾರೆ ಗೊತ್ತಾ? ಕೆಲ್ಸ ಯಾರ್ ಕೊಟ್ಟಾರು?”

ನಾನು ಒಳಗಿನಿಂದಲೇ ಹೇಳಿದೆ. “ಗದ್ದೆ ಬದೀನಲ್ಲಿ ಆ ಕೆಂಪು ಬಸ್ಸು ಓಯ್ತದಾ? ಮೊದಲ್ನೇ ಆಲೆಮನೆ ತಾವ್ಲೇ ಊತ್ಕತದೆ. ನೀವ್ ಇಂಜಿನ್ ಕೂರಿಸ್ದಾಗಿಂದ ಗಾಣದ ಎತ್ತೆಲ್ಲ ಸುಮ್ನೆ ನಿಂತವಲ್ಲ, ಎಲ್ಲಿಂದೆಲ್ಲಿಗ್ ಬೇಕಾದ್ರೂ ಅವೇ ಎಳೀತವೆ. ಇಂಜಿನ್ ರಿಪೇರಿ ಆಗ್ಬೇಕು ಅಂದ್ರೆ ಎತ್ತು ಕಳಸ್ಲಿ.”

ಶೆಡ್ಡಿನ ತಾತ ಛಾವಣಿಯ ಮೇಲಿನಿಂದ, “ಅದ್ಸರಿ ಕಣ್ಲಾ ಸಾಬಿ, ಎಣ್ಣು ನ್ಯಾಯ್ವಾಗ್ ಏಳ್ತಾವ್ಳೆ” ಎಂದರು. ಇವರು ಕೆಂಪು ಬಸ್ಸಿನ ಹತ್ತಿರ ಹೋಗಿ ಇಂಜಿನ್ ನಿಲ್ಲಿಸಿದ್ದು ಕೇಳಿಸಿತು. ಬಹಳ ಹೊತ್ತು ಬಿಟ್ಟು ಬಂದು ಕಿಟಕಿಯಲ್ಲಿ ಕೈ ಒಡ್ಡಿದರು. ಉಕ್ಕಿ ಉಳಿದಿದ್ದ ಹಾಲನ್ನು ಕೊಟ್ಟೆ. ಅಲ್ಲೇ ನಿಂತು ಕುಡಿದರು.

ಗಿರಣಿಯ ಕೆಲಸ ಮುಗಿಯುವ ಹೊತ್ತಿಗೆ ಭಾವನಿಗೆ ಸುದ್ದಿ ಮುಟ್ಟಿತ್ತು. ಮಂಡ್ಯದ ಮನೆಯಲ್ಲಿ ನಾನು ಬಾಗಿಲ ಹಿಂದೆ ನಿಂತಿದ್ದಾಗ ಇವರಿಗೆ ಹೇಳಿದರು: “ನಮ್ಮನೆ ಎಂಗಸ್ರು ಬೀದೀಲಿ ನಿಂತ ಬಸ್ಸಲ್ಲಿ ಬಾಳ್ವೆ ಮಾಡೋದಾ? ಓಯ್ತಾಳೆ ಅಂದ್ರೆ ಓಗ್ಲಿ. ತಿರ್ಗಿ ಈ ವಸ್ಲು ತುಳೀಬ್ಯಾಡ ಅಂತ ಏಳು.” ಇವರು ಅಣ್ಣನೆದುರು ಎಂದೂ ಬಾಯಿ ತೆರೆದವರಲ್ಲ. ಅಂದೂ ತೆರೆಯಲಿಲ್ಲ. ನನಗೆ ಅದೇ ಹೆದರಿಕೆಯಾದದ್ದು. ಹೊಸ್ತಿಲು ಹೋದರೆ ಹೋಯಿತು, ಇವರೇ ಕೊನೆ ಗಳಿಗೆಯಲ್ಲಿ ಹಿಂಜರಿದರೆ?

ಆ ವರ್ಷ ಮೊದಲು ಕರೆದದ್ದು ಕೆರಗೋಡಿನವರು. ನಾನು ಹೇಳಿದಂತೆಯೇ ಎರಡು ಜೊತೆ ಎತ್ತುಗಳನ್ನು ಮದ್ದೂರಿಗೆ ಕಳಿಸಿದರು. ಇವರು ಬಸ್ಸಿನ ಮುಂದಕ್ಕೆ ಉದ್ದನೆಯ ಮರ ಬಿಗಿದು ನೊಗ ಕಟ್ಟಿದರು. ಆಗ ಯಾರೂ ಯೋಚಿಸದ ಒಂದು ಸಂಗತಿ ಎದುರಾಯಿತು. ಎತ್ತು ಹೊಡೆಯುವವರು ಕೆಳಗೆ ನಡೆಯಬೇಕು, ಎತ್ತು ತಿರುಗಿದತ್ತ ಬಸ್ಸಿನ ಚಕ್ರ ತಿರುಗಿಸಲು, ಇಳಿಜಾರಿನಲ್ಲಿ ಬ್ರೇಕು ಒತ್ತಲು ಮೇಲೊಬ್ಬರು ಕೂರಬೇಕು. ಎತ್ತು ತಂದ ಆಳು ಒಪ್ಪಿಸಿ ಅಂದೇ ಹಿಂದಿರುಗಿದ್ದ, ಇದ್ದವರು ನಾವಿಬ್ಬರೇ. ಕೋಳಿಯನ್ನು ಎಬ್ಬಿಸಿ ನಾನು ಕೂತೆ.

ಮಂಡ್ಯ ಸೇರಿದಾಗ ಸಂತೆಯ ದಿನ, ನಡುಮಧ್ಯಾಹ್ನ. ಪೇಟೆ ತಪ್ಪಿಸಿ ಸುತ್ತಿಕೊಂಡು ಹೋಗೋಣವೇ ಎಂದು ಇವರು ಕೇಳಿದರು. ಕದ್ದ ಮಾಲೇನೂ ಇಲ್ಲವಲ್ಲ, ಪೇಟೆ ಬೀದಿಯಲ್ಲೇ ಹೊಡೆಯಿರಿ ಎಂದೆ. ಹೊಡೆದರು. ಜನ ಅಂಗಡಿ ಬಿಟ್ಟು ಹೊರಗೆ ಬಂದರು. ಬುರ್ಖಾ ಹಾಕಿದ ಹೆಂಗಸು ಸ್ಟೇರಿಂಗ್ ಹಿಡಿದದ್ದನ್ನು ಅವರು ಹಿಂದೆ ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ, ಬಿಡಿ.

ಟ್ರಂಕಿನ ಅಂಗಡಿಯ ಎದುರು ಭಾವ ಬೀದಿಗಿಳಿದು ಮುಂದಿನ ಎತ್ತಿನ ಮೂಗುದಾರ ಹಿಡಿದರು. ನಾನು ಬ್ರೇಕು ಒತ್ತಿದೆ. ಇಡೀ ಬೀದಿ ನಿಂತಿತು.

“ಇಳಿಸ್ಲಾ ಅವಳ್ನ” ಎಂದು ತಮ್ಮನಿಗೆ ಹೇಳಿದರು.

ಇವರು ನೆಲ ನೋಡಿದರು. ಆಮೇಲೆ ಇವರು ತಲೆ ಎತ್ತಿ ಮೆಲ್ಲಗೆ, “ಬ್ರೇಕು ಅವಳ್ ಕಾಲಡಿ ಐತೆ, ಭಾಯಿ. ನನ್ ಕೈಲಿಲ್ಲ” ಎಂದರು.

ತಮ್ಮನ ಹೆಂಡತಿ ಗಂಡನ ಅಣ್ಣನೊಡನೆ ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಎರಡು ವರ್ಷ ಒಂದೇ ಸೂರಿನಡಿ ಇದ್ದು, ಒಂದೇ ಒಲೆಯ ಅನ್ನ ಉಂಡು, ನಾನು ಅವರಿಗೆ ಒಂದು ಮಾತು ಆಡಿರಲಿಲ್ಲ, ಅವರೂ ನನಗೆ ಆಡಿರಲಿಲ್ಲ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

“ಭಾವ, ಪಕ್ಕುಕ್ ಸರೀರಿ. ಬ್ರೇಕ್ ಬುಡ್ತಾ ಇವ್ನಿ.”

ಅವರು ಬಾಯಿ ತೆರೆದರು. ಏನಾದರೂ ಅಂದರೆ ನನ್ನೊಡನೆ ಮಾತಾಡಿದಂತಾಗುತ್ತಿತ್ತು. ಬಾಯಿ ಮುಚ್ಚಿಕೊಂಡು, ಮೂಗುದಾರ ಬಿಟ್ಟು, ಟ್ರಂಕುಗಳ ನಡುವೆ ಸರಿದು ನಿಂತರು. ನಾನು ಕಾಲೆತ್ತಿದೆ.