ಐಸ್‌ಪೆಟ್ಟಿಗೆಯ ಕರಡಿ

ಬಾಲ್ಟಿಮೋರಿನ ಪಶ್ಚಿಮ ಭಾಗದಲ್ಲಿ ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದ ಥರ್ಮನ್ ಪಿಂಕ್ನಿ ಮಾತಿನಲ್ಲಿ ಜಿಪುಣನೇನೂ ಅಲ್ಲ. ನಿಲ್ದಾಣಗಳ ಹೆಸರು ಕೂಗುತ್ತಿದ್ದ, ಬಾಗಿಲಲ್ಲಿ ಗುಂಪುಗಟ್ಟಿದವರನ್ನು ಗದರುತ್ತಿದ್ದ, ಚರ್ಚಿಗೆ ಹೊರಟ ಮುದುಕಿಯರ ಟೋಪಿಗಳನ್ನು ಹೊಗಳುತ್ತಿದ್ದ. ಆದರೆ ಯಾರಾದರೂ ಹಿಂದಿನಿಂದ "ಆ ಕರಡಿ ಸಾಲು ಒಂದ್ಸಲ ಹೇಳಣ್ಣಾ" ಎಂದರೆ ಸಾಕು, ತುಟಿ ಹೊಲಿದುಕೊಂಡವನಂತೆ ಕನ್ನಡಿ ನೋಡಿ ಬಸ್ಸನ್ನು ಮುಂದಕ್ಕೆ ಬಿಡುತ್ತಿದ್ದ. ಕೇಳುವವರಂತೂ ಕೇಳುತ್ತಲೇ ಇದ್ದರು. ಅಂಥ ದನಿಯನ್ನು ಗಂಟಲಲ್ಲಿಟ್ಟುಕೊಂಡು ತಿರುಗುವವನನ್ನು ಜನ ಸುಮ್ಮನೆ ಬಿಡುತ್ತಾರೆಯೇ.

ಆ ದನಿಯ ಕತೆ ಸಾವಿರದ ಒಂಬೈನೂರ ಐವತ್ತೇಳರದು. ಆಗ ಅವನಿಗೆ ಹತ್ತೊಂಬತ್ತು. ಒಂದೇ ಬೀದಿಯ ಐವರು ಹುಡುಗರು ಶಾಲೆಯ ಮೆಟ್ಟಿಲ ಸಂದಿಯಲ್ಲಿ ನಿಂತು ಹಾಡುತ್ತಿದ್ದರು. ಅಲ್ಲಿ ದನಿ ಗೋಡೆಗೆ ಬಡಿದು ದುಪ್ಪಟ್ಟಾಗಿ ಬರುತ್ತಿತ್ತು. ಗ್ರಾಮಫೋನ್ ಕಂಪನಿಯವನೊಬ್ಬ ಕೇಳಿ, ಕರೆದುಕೊಂಡು ಹೋಗಿ, ಅವರ ಹಾಡಿನ ತಟ್ಟೆ ಮಾಡಿಸಿದ. ಒಂದು ಮಗ್ಗುಲಿಗೆ ಪ್ರೇಮಗೀತೆ. ಅದನ್ನು ಥರ್ಮನ್ ಒಬ್ಬನೇ ಹಾಡಿದ್ದ, ಮೂರು ತಿಂಗಳು ಅಭ್ಯಾಸ ಮಾಡಿ. ಇನ್ನೊಂದು ಮಗ್ಗುಲನ್ನು ಖಾಲಿ ಬಿಡಲಾಗದಲ್ಲ, ಅದಕ್ಕೆಂದು ಇಪ್ಪತ್ತು ನಿಮಿಷದಲ್ಲಿ ಒಂದು ತಮಾಷೆ ಹಾಡು ಕಟ್ಟಿದರು. ಒಬ್ಬ ಹೆಂಗಸು ಅಡಿಗೆಮನೆಯ ಐಸ್‌ಪೆಟ್ಟಿಗೆ ತೆಗೆದರೆ ಒಳಗೆ ಕರಡಿ ಕೂತಿದೆ. ಗುಂಪಿನಲ್ಲಿ ಸಣ್ಣ ಗಂಟಲಿನ ಹುಡುಗ ಹೆಂಗಸಾಗಿ ಕೇಳುತ್ತಾನೆ:

"ಐಸ್‌ಪೆಟ್ಟಿಗೇಲಿ ಯಾರದು, ಬೆಣ್ಣೆ ತಿಂದೋರ್ಯಾರು?"

ವಾದ್ಯಗಳೆಲ್ಲ ನಿಲ್ಲುತ್ತವೆ. ಬಾವಿಯ ತಳದಿಂದ ಎತ್ತಿದಂಥ ದನಿಯಲ್ಲಿ ಥರ್ಮನ್ ಹೇಳುತ್ತಾನೆ:

"ನಾನೇ ತಾಯೀ, ಕರಡಿ. ಬಾಗ್ಲು ಹಾಕು, ಸೆಕೆ."

ಹಾಡು ಇಷ್ಟೇ. ಆಮೇಲೆ ಬೆಣ್ಣೆಯ ಜಾಗದಲ್ಲಿ ಕಡುಬು, ಕಡುಬಿನ ಜಾಗದಲ್ಲಿ ಭಾನುವಾರದ ಮಾಂಸ, ಕೊನೆಗೆ ಯಾವಾಗ ಹೊರಡುತ್ತೀ ಎಂಬ ಪ್ರಶ್ನೆ, ಚಳಿಗಾಲ ಬರಲಿ ಎಂಬ ಉತ್ತರ. ಪ್ರೇಮಗೀತೆಯನ್ನು ಯಾರೂ ತಿರುಗಿಸಿಯೂ ನೋಡಲಿಲ್ಲ. ಕರಡಿ ಮಾತ್ರ ಆ ಬೇಸಿಗೆಯಿಡೀ ಪ್ರತಿ ಸೋಡಾ ಅಂಗಡಿಯಲ್ಲೂ ಮಾತಾಡಿತು.

ತಟ್ಟೆಯ ಹೊದಿಕೆಯ ಮೇಲೆ ಐವರ ಮುಖವೂ ಇರಲಿಲ್ಲ. ಏಪ್ರನ್ ಕಟ್ಟಿಕೊಂಡು ಹಲ್ಲು ಕಿರಿಯುವ ಒಂದು ಕರಡಿಯ ಚಿತ್ರವಿತ್ತು. ಕಪ್ಪು ಹುಡುಗರ ಮುಖ ಹಾಕಿದರೆ ದಕ್ಷಿಣದ ಅಂಗಡಿಗಳವರು ಗಾಜಿನ ಕಪಾಟಿನಲ್ಲಿ ಇಡುವುದಿಲ್ಲ ಎಂದು ಕಂಪನಿಯವನು ಹವಾಮಾನದ ವಿಷಯ ಹೇಳುವಂತೆ ಹೇಳಿದ್ದ. ವೇದಿಕೆಯ ಮೇಲೆ ಜುಲೈ ತಿಂಗಳಲ್ಲಿ ಥರ್ಮನ್ನನಿಗೆ ತುಪ್ಪಳದ ಕೋಟು ತೊಡಿಸಿದರು. ಬೇರೆ ಕಂಪನಿಗೆ ಪ್ರೇಮಗೀತೆ ಹಾಡಿ ತೋರಿಸಲು ಹೋದರೆ ಅಲ್ಲಿಯವನು ಎರಡು ಸಾಲು ಕೇಳಿ, ಅದಿರಲಿ, ಕರಡಿ ಮಾಡು ಎಂದ. ಎರಡು ವರ್ಷದಲ್ಲಿ ಗುಂಪು ಚದುರಿತು.

ಇಷ್ಟನ್ನೂ ಅವನು ನುಂಗಿಕೊಂಡಾನು. ನುಂಗಲಾಗದ್ದು ಐವತ್ತೊಂಬತ್ತರ ಈಸ್ಟರ್ ಭಾನುವಾರ. ತಮ್ಮದೇ ಚರ್ಚು, ತನ್ನನ್ನು ತೊಟ್ಟಿಲಿನಿಂದ ಬಲ್ಲ ಜನ. ಪಾದ್ರಿಗಳು, ನೀನೊಬ್ಬನೇ ಹಾಡು ಎಂದು ನಿಲ್ಲಿಸಿದ್ದರು. ಸಮಾಧಿಯ ಕಲ್ಲು ಉರುಳಿದ ಸಾಲಿನಲ್ಲಿ ದನಿಯನ್ನು ಕೆಳಗಿಳಿಸಿದನೋ ಇಲ್ಲವೋ, ಮಕ್ಕಳ ಸಾಲಿನಿಂದ ಕಿಸಕ್ಕೆಂದಿತು. ಆಮೇಲೆ ದೊಡ್ಡವರು ಕರವಸ್ತ್ರ ಬಾಯಿಗೊತ್ತಿಕೊಂಡರು. ಅವರ ಭುಜಗಳು ಕುಣಿಯುವುದು ಅವನಿಗೆ ಕಾಣುತ್ತಿತ್ತು. ಹಾಡನ್ನು ಕೊನೆಯವರೆಗೆ ಹಾಡಿ ಕೂತ. ಅಂದಿನಿಂದ ಥರ್ಮನ್ ಪಿಂಕ್ನಿ ಹಾಡಿಲ್ಲ. ಚರ್ಚಿನಲ್ಲಿ ಎಲ್ಲರ ಜತೆ ಎದ್ದು ನಿಲ್ಲುತ್ತಿದ್ದ, ಪುಸ್ತಕ ತೆರೆಯುತ್ತಿದ್ದ, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಅದೇ ಚರ್ಚಿನ ಅಲ್ಮೇಟಾಳನ್ನು ಮದುವೆಯಾದ. ಅವಳು ಶಾಲೆಯೊಂದರ ಊಟದ ಮನೆಯ ಯಜಮಾನಿ. ಮುನ್ನೂರು ಮಕ್ಕಳನ್ನು ಬರೀ ನಾಲಿಗೆಯಿಂದ ಸಾಲಿನಲ್ಲಿ ನಿಲ್ಲಿಸುತ್ತಿದ್ದ ಹೆಂಗಸು. ಗಂಡನನ್ನು ಕರೆಯುತ್ತಿದ್ದುದೂ ಪಿಂಕ್ನಿ ಎಂದೇ. ಜಗತ್ತಿನ ಎಲ್ಲ ವಿಷಯಕ್ಕೂ ಅವಳಲ್ಲಿ ಒಂದು ಮಾತಿತ್ತು, ಕರಡಿಯ ವಿಷಯಕ್ಕೆ ಮಾತ್ರ ಇರಲಿಲ್ಲ. ರೇಡಿಯೋದಲ್ಲಿ ಆ ಹಾಡು ಶುರುವಾದರೆ ಥರ್ಮನ್ ಎದ್ದು ಅದರ ಕಿವಿ ತಿರುಚಿ ಬಾಯಿ ಮುಚ್ಚಿಸುತ್ತಿದ್ದ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿರುತ್ತಿದ್ದಳು, ಚಕಾರ ಎತ್ತುತ್ತಿರಲಿಲ್ಲ. ತಾನು ಮದುವೆಯಾದದ್ದು ಮನುಷ್ಯನನ್ನು, ಕರಡಿಯನ್ನಲ್ಲ ಎಂದು ತಿಳಿದವಳು ಇವಳೊಬ್ಬಳೇ ಎಂದುಕೊಂಡು ಅವನು ಮೂವತ್ತೆಂಟು ವರ್ಷ ನೆಮ್ಮದಿಯಾಗಿದ್ದ.

ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ ಅಲ್ಮೇಟಾಳಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಎಲ್ಲವೂ ಅರ್ಥವಾಗುತ್ತಿತ್ತು, ಹೇಳಹೊರಟರೆ ಮಾತ್ರ "ಅದು, ಅದು" ಎಂದಷ್ಟೇ ಬರುತ್ತಿತ್ತು. ನೀರಿಗೂ ಅದು, ನೋವಿಗೂ ಅದು, ಗಂಡನ ಹೆಸರಿಗೂ ಅದೇ. ಹೇಳಿ ಸೋತು ಅವಳು ಆಸ್ಪತ್ರೆಯ ಹಾಸಿಗೆಯ ಕಂಬಿಗೆ ಎಡಗೈಯಿಂದ ಗುದ್ದುತ್ತಿದ್ದಳು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಮಾಡಿದವನು ಆ ಕೋಣೆಯಲ್ಲಿ ಒಂದು ದಿನ ಕೂತು ಎದ್ದು ಹೋಗಬೇಕಿತ್ತು.

ಮಾತು ಕಲಿಸಲು ಬರುತ್ತಿದ್ದವಳು ಮಿಸ್ ಡಬ್ರೌಸ್ಕಿ ಎಂಬ ಚಿಕ್ಕ ವಯಸ್ಸಿನ ಹುಡುಗಿ. ಮಾತಾಡಲಾಗದವರೂ ಎಷ್ಟೋ ಸಲ ಹಾಡುತ್ತಾರೆ, ಹಾಡು ತಲೆಯ ಇನ್ನೊಂದು ಮಗ್ಗುಲಿನಲ್ಲಿರುತ್ತದೆ, ಅದನ್ನು ಹಿಡಿದೆಳೆದರೆ ಮಾತೂ ಹಿಂದೆಯೇ ಬರಬಹುದು ಎಂದು ಅವಳು ಬಿಡಿಸಿ ಹೇಳಿದಳು. ಬೇಗ ಹಿಡಿಯಬೇಕು, ಮೊದಲ ಕೆಲವು ತಿಂಗಳು ಕಳೆದರೆ ಕಷ್ಟ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದಳು. ನಿಮ್ಮವರಿಗೆ ಪ್ರಿಯವಾದ ಹಾಡು ಯಾವುದು ಎಂದು ಕೇಳಿದಾಗ ಥರ್ಮನ್ ಚರ್ಚಿನ ಹಾಡುಗಳ ಕ್ಯಾಸೆಟ್ಟು ತಂದುಕೊಟ್ಟ. ಹನ್ನೊಂದು ದಿನ ಅದನ್ನು ಹಾಕಿದರು. ಅಲ್ಮೇಟಾ ರಾಗವನ್ನು ಗುನುಗಿದಳು, ಪದ ಒಂದೂ ಬರಲಿಲ್ಲ.

ಹನ್ನೆರಡನೆಯ ದಿನ ಭಾನುವಾರ. ಪಕ್ಕದ ಹಾಸಿಗೆಯಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದ ಮಿಸಸ್ ಟಿಲ್ಮನ್ ಹಳೆಯ ಹಾಡುಗಳ ರೇಡಿಯೋ ಹಾಕಿಕೊಂಡಿದ್ದಳು. ನಾಲ್ಕನೆಯದೋ ಐದನೆಯದೋ ಹಾಡಾಗಿ ಐಸ್‌ಪೆಟ್ಟಿಗೆ ಶುರುವಾಯಿತು. ಥರ್ಮನ್ನನ ಕಾಲು ತಾನಾಗಿಯೇ ಎದ್ದಿತು, ಕೈ ರೇಡಿಯೋದ ಕಡೆ ಹೋಯಿತು. ಅಲ್ಮೇಟಾ ಎಡಗೈಯಿಂದ ಅವನ ತೋಳು ಹಿಡಿದಳು. ಹಿಡಿದುಕೊಂಡೇ ಹಾಡಿದಳು.

"ಐಸ್‌ಪೆಟ್ಟಿಗೇಲಿ ಯಾರದು, ಬೆಣ್ಣೆ ತಿಂದೋರ್ಯಾರು?"

ಒಂದಕ್ಷರ ತಪ್ಪಲಿಲ್ಲ. ಬೆಣ್ಣೆಯಾದ ಮೇಲೆ ಕಡುಬು, ಕಡುಬಾದ ಮೇಲೆ ಮಾಂಸ, ನಾಲ್ಕು ಪ್ರಶ್ನೆಯನ್ನೂ ಸರಿಯಾದ ಜಾಗಕ್ಕೆ ಹಾಡಿದಳು. ರೇಡಿಯೋದೊಳಗಿಂದ ಹತ್ತೊಂಬತ್ತು ವರ್ಷದ ಥರ್ಮನ್ ಉತ್ತರ ಕೊಡುತ್ತ ಹೋದ. ಅರವತ್ತೊಂದು ವರ್ಷದವನು ಎದ್ದ ಕಾಲಿನಲ್ಲೇ ನಿಂತಿದ್ದ. ಅವನಿಗೆ ಸಂತೋಷವೂ ಆಯಿತು, ಮೋಸ ಹೋದಂತೆಯೂ ಆಯಿತು. ಯಾವುದು ಮೊದಲು ಎಂದು ಕೇಳಿದರೆ ಅವನೇ ಹೇಳಲಾರ.

ಮನೆಗೆ ಹೋದವನು ಕೋಟು ಕೂಡ ತೆಗೆಯದೆ ಕಪಾಟಿನ ತಟ್ಟೆಗಳನ್ನೆಲ್ಲ ಹರಡಿಕೊಂಡು ಕೂತ. ಕ್ರಿಸ್‌ಮಸ್ ಹಾಡುಗಳ ಹೊದಿಕೆಯೊಳಗೆ ಆ ಐವತ್ತೇಳರ ತಟ್ಟೆ ಸಿಕ್ಕಿತು. ಪ್ರೇಮಗೀತೆಯ ಮಗ್ಗುಲು ಹೊಳೆಯುತ್ತಿತ್ತು, ಕರಡಿಯ ಮಗ್ಗುಲು ಸೂಜಿ ಗೀರಿ ಗೀರಿ ಬೂದಿಬಣ್ಣಕ್ಕೆ ಬಂದಿತ್ತು. ತಾನು ಬಸ್ಸಿನಲ್ಲಿ ಕರಡಿಯನ್ನು ಕೇಳಿದವರಿಗೆ ಮುಖ ಗಂಟು ಹಾಕುತ್ತಿದ್ದ ಹೊತ್ತಿಗೆ ಮನೆಯಲ್ಲಿ ಇವಳು ಅದನ್ನೇ ಹಾಕಿಕೊಂಡು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಹೇಳಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದ. ತಟ್ಟೆಯನ್ನು ಮುರಿದು ಹಾಕುತ್ತಿದ್ದೆ ಎಂದು ಅವನಿಗೇ ಗೊತ್ತಿತ್ತು.

ಮರುದಿನ ಮಿಸ್ ಡಬ್ರೌಸ್ಕಿಗೆ ಹಿಗ್ಗೋ ಹಿಗ್ಗು. ಆದರೆ ತಟ್ಟೆ ಉಪಯೋಗಕ್ಕೆ ಬರಲಿಲ್ಲ. ತಟ್ಟೆ ತನ್ನ ಓಟದಲ್ಲಿ ಓಡುತ್ತದೆ, ಯಾರಿಗೂ ಕಾಯುವುದಿಲ್ಲ. ಅಲ್ಮೇಟಾಳಿಗೆ ಹಾಡು ನಿಧಾನವಾಗಿ ಬೇಕು, ಪದಕ್ಕೆ ತಡವರಿಸಿದರೆ ನಿಲ್ಲಬೇಕು, ಅವಳು ಪ್ರಶ್ನೆ ಮುಗಿಸಿದ ಮೇಲೆಯೇ ಉತ್ತರ ಬರಬೇಕು. ಉತ್ತರ ಕೊಡಲು ಎದುರಿಗೆ ಮನುಷ್ಯ ಬೇಕು. ಮಿಸ್ ಡಬ್ರೌಸ್ಕಿ ತಾನೇ ಪ್ರಯತ್ನಿಸಿದಳು; ಆ ಹುಡುಗಿಯ ಗಂಟಲಿನಲ್ಲಿ ಕರಡಿ ಬೆಕ್ಕಿನ ಮರಿಯಾಯಿತು. ಅಲ್ಮೇಟಾ ಮುಖ ತಿರುಗಿಸಿಕೊಂಡಳು.

"ಮಿಸ್ಟರ್ ಪಿಂಕ್ನಿ, ರೇಡಿಯೋದಲ್ಲಿರೋದು ನಿಮ್ಮ ದನೀನೇ ಅಂತ ಮಿಸಸ್ ಟಿಲ್ಮನ್ ಹೇಳ್ತಿದ್ರು."

"ನಾನು ಹಾಡಲ್ಲಮ್ಮ. ಬಿಟ್ಟು ನಲವತ್ತು ವರ್ಷ ಆಯ್ತು."

ಮತ್ತೆ ಚರ್ಚಿನ ಹಾಡನ್ನೇ ಹಾಕಿ ನೋಡಿ ಎಂದ. ಹುಡುಗಿ ವಾದಿಸಲಿಲ್ಲ, ಹಾಕಿದಳು. ಅಲ್ಮೇಟಾ ಮತ್ತೆ ಗುನುಗಿದಳು, ಮತ್ತೆ "ಅದು, ಅದು". ಎರಡು ದಿನ ಹೀಗೆ ಹೋಯಿತು. ಎರಡೂ ದಿನ ಥರ್ಮನ್ ಮನೆಗೆ ಹೋಗುವ ದಾರಿಯಲ್ಲಿ ತನಗೆ ತಾನೇ ಸಮಾಧಾನ ಹೇಳಿಕೊಂಡ: ನಾಳೆ ಬಂದೀತು ಪದ, ದೇವರ ಹಾಡಿಗೆ ಬಾರದ್ದು ಕರಡಿಗೆ ಬರುತ್ತದೆಯೇ. ಬಂದಿದ್ದನ್ನು ಕಿವಿಯಾರೆ ಕೇಳಿದ್ದ ಮನುಷ್ಯ. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಮೂರನೆಯ ದಿನ ಬಾಗಿಲು ಹಾಕಿಸಿದ. ಮಿಸಸ್ ಟಿಲ್ಮನ್ನಳ ಪರದೆಯನ್ನೂ ಎಳೆಸಿದ. ಕುರ್ಚಿಯನ್ನು ಹಾಸಿಗೆಗೆ ತಾಗಿಸಿಕೊಂಡು ಕೂತ. ಹುಡುಗಿ ಅಲ್ಮೇಟಾಳ ಎಡಗೈ ಹಿಡಿದು ಮೇಜಿನ ಮೇಲೆ ತಾಳ ತಟ್ಟಿಸಿದಳು, ಅಲ್ಮೇಟಾ ಬೆಣ್ಣೆಯ ಪ್ರಶ್ನೆ ಹಾಡಿದಳು. ಥರ್ಮನ್ ಬಗ್ಗಿ, ಗುಟ್ಟು ಹೇಳುವವನಂತೆ ಪಿಸುದನಿಯಲ್ಲಿ, ನಾನೇ ತಾಯೀ ಎಂದ. ಅವಳು ಹಾಗಲ್ಲವೆಂದು ತಲೆಯಾಡಿಸಿದಳು. ಮುಂದಿನ ಸಾಲಿಗೆ ಹೋಗಲಿಲ್ಲ. ಮೊದಲ ಪ್ರಶ್ನೆಯನ್ನೇ ಮತ್ತೆ ಹಾಡಿ, ಹುಬ್ಬೇರಿಸಿ ಅವನನ್ನು ನೋಡಿದಳು. ಶಾಲೆಯಲ್ಲಿ ಸಾಲು ತಪ್ಪಿಸಿದ ಮಕ್ಕಳನ್ನು ನೋಡುತ್ತಿದ್ದ ನೋಟ ಅದು. ಇನ್ನೊಮ್ಮೆ ಪಿಸುಗುಟ್ಟಿದ. ಇನ್ನೊಮ್ಮೆ ತಲೆಯಾಡಿಸಿದಳು.

ಪರದೆಯ ಆಚೆಯಿಂದ ಮಿಸಸ್ ಟಿಲ್ಮನ್ ಹೇಳಿದಳು: "ಲೋ ತಮ್ಮಾ, ಜೋರಾಗಿ ಹೇಳೋ. ನನಗಿಲ್ಲಿ ಕೇಳಿಸ್ತಾ ಇಲ್ಲ."

ಥರ್ಮನ್ ಕಣ್ಣು ಮುಚ್ಚಿದ. ಈಸ್ಟರಿನ ಭುಜಗಳೆಲ್ಲ ಒಮ್ಮೆ ಕುಣಿದು ಹೋದವು. ಆಮೇಲೆ ಹೊಟ್ಟೆಯ ತಳದಿಂದ ಎತ್ತಿ, ಪೂರಾ ದನಿಯಲ್ಲಿ ಹೇಳಿದ. ನೀರಿನ ಲೋಟ ಮೇಜಿನ ಮೇಲೆ ಅದುರಿತು. ಪರದೆಯ ಆಚೆ ನಗು ಸಿಡಿಯಿತು, ಕಾರಿಡಾರಿನಲ್ಲಿ ಯಾರೋ ನಕ್ಕರು, ಒಬ್ಬ ನರ್ಸು ಬಾಗಿಲು ತೆಗೆದು ತನ್ನ ಅಪ್ಪ ಇದೇ ಹಾಡನ್ನು ಹಾಡಿ ತಮ್ಮನ್ನು ಎಬ್ಬಿಸುತ್ತಿದ್ದ ಎಂದಳು. ಅವನು ಕಣ್ಣು ಬಿಡುವ ಹೊತ್ತಿಗೆ ಅಲ್ಮೇಟಾ ಕಡುಬಿನ ಪ್ರಶ್ನೆಗೆ ಹೋಗಿಯಾಗಿತ್ತು.

ಆಮೇಲೆ ದಿನಕ್ಕೆ ಎರಡು ಸಲ ಕರಡಿಯ ಪಾಠ. ಬಾಗಿಲು ಮುಚ್ಚುವುದನ್ನು ಒಂದು ವಾರದಲ್ಲಿ ಬಿಟ್ಟರು. ಮಿಸ್ ಡಬ್ರೌಸ್ಕಿ ಅದೇ ರಾಗದಲ್ಲಿ ಒಂದೊಂದೇ ಪದ ತೆಗೆದು ಬೇರೆ ಪದ ಇಟ್ಟಳು. ಬೆಣ್ಣೆ ಹೋಗಿ ನೀರು ಬಂತು, ಐಸ್‌ಪೆಟ್ಟಿಗೆ ಹೋಗಿ ಕಿಟಕಿ ಬಂತು. ಮಾರ್ಚ್ ಕೊನೆಗೆ ಅಲ್ಮೇಟಾ ತಾಳ ತಟ್ಟಿಕೊಂಡು "ಕಿಟಕಿ ತೆಗೆಯೋರ್ಯಾರು" ಎಂದು ಹಾಡುತ್ತಿದ್ದಳು, ಥರ್ಮನ್ ಎದ್ದು ತೆಗೆದು "ನಾನೇ ತಾಯೀ" ಎನ್ನುತ್ತಿದ್ದ. ಆದರೆ ಎಲ್ಲವೂ ಕಲಿಸಿಕೊಟ್ಟ ಸಾಲುಗಳು. ಇವಳು ತನ್ನದೇ ಒಂದು ಮಾತು ಯಾವಾಗ ಆಡುತ್ತಾಳೆ ಎಂದು ಅವನು ಕೇಳಿದ. ಅದು ಬಂದರೆ ಬರುತ್ತದೆ, ಬಾರದೆ ಇಲ್ಲಿಗೇ ನಿಂತರೂ ನಿಂತೀತು ಎಂದಳು ಹುಡುಗಿ. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

ಏಪ್ರಿಲ್ ನಡುವಿನ ಒಂದು ಮಧ್ಯಾಹ್ನ. ಪಾಠವಿರಲಿಲ್ಲ. ಥರ್ಮನ್ ಕಿತ್ತಳೆ ಸುಲಿದು ಎಸಳು ಬಿಡಿಸುತ್ತಿದ್ದ. ಅಲ್ಮೇಟಾ ಬಹಳ ಹೊತ್ತಿನಿಂದ ಅವನನ್ನೇ ನೋಡುತ್ತಿದ್ದವಳು ಎಡಗೈಯಿಂದ ಮೇಜು ತಟ್ಟಲು ಶುರುಮಾಡಿದಳು. ರಾಗ ಅದೇ. ಪದಗಳು ಒಂದೊಂದಾಗಿ, ನಡುವೆ ನಿಂತು ನಿಂತು ಬಂದವು.

"ಮನೇಲಿ ಯಾಕೆ... ಹಾಡ್ಲಿಲ್ಲ... ಇಷ್ಟು ವರ್ಷ... ಪಿಂಕ್ನಿ?"

ಇದನ್ನು ಯಾರೂ ಕಲಿಸಿರಲಿಲ್ಲ. ಥರ್ಮನ್ ಕಿತ್ತಳೆಯನ್ನು ಕೆಳಗಿಟ್ಟ. ಆ ಪ್ರಶ್ನೆಗೆ ಅವನಲ್ಲಿ ನಲವತ್ತು ವರ್ಷದಿಂದ ಉಜ್ಜಿ ಉಜ್ಜಿ ಹೊಳಪು ಬಂದ ಉತ್ತರಗಳಿದ್ದವು: ಹೊದಿಕೆಯ ಮೇಲಿನ ಚಿತ್ರ, ತುಪ್ಪಳದ ಕೋಟು, ಚರ್ಚಿನ ಜನ. ಒಂದೊಂದೂ ನಿಜ. ಆದರೆ ಮೂವತ್ತೆಂಟು ವರ್ಷ ಪಕ್ಕದಲ್ಲಿ ಕೂತು ಹುರುಳಿಕಾಯಿ ಬಿಡಿಸಿದವಳು ಆ ಹೊದಿಕೆ ಮಾಡಿದವಳೂ ಅಲ್ಲ, ನಕ್ಕವಳೂ ಅಲ್ಲ. ಅವಳ ಕೈ ತಾಳ ತಟ್ಟುತ್ತಲೇ ಇತ್ತು, ಕರಡಿಯ ಜಾಗ ಬಂದು ಖಾಲಿ ನಿಂತಿತ್ತು.

"ಹೆದರ್ಕೊಂಡಿದ್ದೆ ತಾಯೀ," ಎಂದ, ಬಾವಿಯ ತಳದ ಆ ದನಿಯಲ್ಲೇ.

ಮಿಸಸ್ ಟಿಲ್ಮನ್ ನಕ್ಕಳು. ಅಲ್ಮೇಟಾ ನಗಲಿಲ್ಲ. ಒಂದು ಗಳಿಗೆ ಅವನ ಮುಖ ನೋಡಿ, ಮತ್ತೆ ತಾಳ ಹಿಡಿದು, ಎರಡನೆಯ ಪ್ರಶ್ನೆಗೆ ಪದ ಹುಡುಕತೊಡಗಿದಳು. ಥರ್ಮನ್ ಕಾಯುತ್ತ ಕೂತ.